ಎಚ್ಚರವಿದ್ದ ಕೈ

ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿತ್ತು. ಲಿಫ್ಟ್ ರಿಪೇರಿಯವನು ಹೆಂಡತಿಯನ್ನು ಕರೆದ, ಗುಂಡಿಯಿಲ್ಲದ ಜಾಗ ತೋರಿಸಿದ, ಕೆನ್ನೆಗೆ ಒಂದು ಬಾರಿಸಿದ. ಆಮೇಲೆ ಬೇರೆ ಅಂಗಿ ತೊಟ್ಟು, ತಿಂಡಿ ಚೆನ್ನಾಗಿತ್ತು ಎಂದು ಹೇಳಿಯೇ ಕೆಲಸಕ್ಕೆ ಹೊರಟ. ಅವನ ಲೆಕ್ಕದಲ್ಲಿ ಅದು ಜಗಳವೇ ಅಲ್ಲ. ಕೈ ಸ್ವಲ್ಪ ಮುಂದು, ಅಷ್ಟೆ.

ದಾರಿಯಲ್ಲಿ ಅಕ್ಕನ ಮನೆ. ಬಾಗಿಲು ತೆರೆದ ಅಕ್ಕನ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಬೀರುವಿನ ಬಾಗಿಲು ತಗುಲಿತು ಎಂದಳು. ಹೋದ ತಿಂಗಳು ತುಟಿ ಒಡೆದಾಗಲೂ ಅದೇ ಬೀರು. ಅವನಿಗೆ ಪಿತ್ತ ನೆತ್ತಿಗೇರಿತು. ಚೀಲದಿಂದ ದೊಡ್ಡ ಸ್ಪ್ಯಾನರ್ ಹೊರತೆಗೆದ. ರಾತ್ರಿ ಪಾಳಿ ಮುಗಿಸಿ ಬಂದ ಭಾವ ಒಳಕೋಣೆಯಲ್ಲಿ ಮಲಗಿದ್ದ.

ಅಕ್ಕ ಅಡ್ಡ ನಿಂತಳು. “ಅವರಿಗೆ ಗೊತ್ತೇ ಇಲ್ಲ ಕಣೋ. ನಿದ್ದೇಲಿ ಹೊಡೀತಾರೆ. ಬ್ರೆಡ್ ಫ್ಯಾಕ್ಟರೀಲಿ ಬೆಂಕಿ ಬಿದ್ದು ಜೊತೆಯವನು ಸತ್ತಾಗಿನಿಂದ ಹೀಗೆ. ಎದ್ದಮೇಲೆ ಏನೂ ನೆನಪಿರಲ್ಲ.”

ಡಾಕ್ಟರಿಗೇಕೆ ತೋರಿಸಲಿಲ್ಲ ಎಂದು ಕೇಳಿದ. ಹುಚ್ಚ ಎಂದು ಹೆಸರು ಬಿದ್ದರೆ ಕೆಲಸ ಹೋದೀತು, ವಿಷಯ ತಿಳಿದರೆ ಗಂಡ ಜೀವಕ್ಕೇ ಏನಾದರೂ ಮಾಡಿಕೊಂಡಾನು ಎಂಬ ಭಯ ಅವಳಿಗೆ. ತಮ್ಮ ನಂಬಲಿಲ್ಲ. ಹೆಂಡತಿಗೆ ಹೊಡೆಯುವವನು ಗಂಡಸೇ ಅಲ್ಲ ಎಂದ. ಈ ಮಾತು ಅವನ ಬಾಯಿಂದಲೇ ಬಂತು! ಅವಳನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗಿ ಭಾವನ ಭುಜ ಹಿಡಿದು ಕುಲುಕಿದ.

ಭಾವ ಕಣ್ಣು ತೆರೆದ. ಆದರೆ ಆ ಕಣ್ಣಿಗೆ ಇವನು ಕಾಣಲಿಲ್ಲ. ಇವನನ್ನು ಗೋಡೆಗೆ ಒತ್ತಿ ಮುಖಕ್ಕೆ ಗುದ್ದತೊಡಗಿದ.

“ಬಾಗಿಲು ತೆಗೀರೋ, ಒಳಗೆ ಅವನಿದ್ದಾನೆ.”

ಪ್ರತಿ ಗುದ್ದಿಗೂ ಅದೇ ಮಾತು. ಸ್ಪ್ಯಾನರ್ ಕೈಜಾರಿತು. ಮೂಗು ಒಡೆದು ರಕ್ತ ಬಾಯಿಗಿಳಿಯಿತು. ತಿರುಗಿ ಹೊಡೆಯುವುದು ಅವನಿಗೆ ಹೊಳೆಯಲೇ ಇಲ್ಲ. ಎರಡೂ ಮೊಣಕೈಗಳಲ್ಲಿ ಮುಖ ಮುಚ್ಚಿಕೊಂಡು, ಮುಂದಿನ ಏಟು ಎಲ್ಲಿ ಬೀಳುವುದೋ ಎಂದು ನಡುಗುತ್ತ ಕುಕ್ಕರಿಸಿದ.

ಅಕ್ಕ ಒಂದು ಕೊಡ ನೀರು ಸುರಿದಳು. ಭಾವ ಎಚ್ಚೆತ್ತು ಭಾಮೈದನ ರಕ್ತ ನೋಡಿದ, ತನ್ನ ಮುಷ್ಟಿ ನೋಡಿದ, ಕೊನೆಗೆ ಹೆಂಡತಿಯ ಕಣ್ಣು ನೋಡಿದ.

“ಬೀರು ಅಂದಿದ್ದೆಯಲ್ಲೇ,” ಎಂದು ಕುಸಿದು ಅತ್ತ. ಆಮೇಲೆ ತಾನೇ ಚಪ್ಪಲಿ ಮೆಟ್ಟಿಕೊಂಡ. ಹುಚ್ಚ ಅಂದರೆ ಅನ್ನಲಿ, ಈಗಲೇ ಆಸ್ಪತ್ರೆಗೆ ಹೋಗೋಣ, ವಾಸಿಯಾಗುವವರೆಗೆ ಇವಳ ಪಕ್ಕದಲ್ಲಿ ಮಲಗುವುದಿಲ್ಲ ಎಂದ.

ಇದು ಬೆಂಕಿಯ ದಿನದ ಭಯ, ಇದಕ್ಕೆ ಚಿಕಿತ್ಸೆಯಿದೆ ಎಂದರು ಡಾಕ್ಟರಮ್ಮ. ಮಾತ್ರೆ ಬರೆಯುತ್ತ ಅಕ್ಕನನ್ನು ಕೇಳಿದರು: “ಎಚ್ಚರ ಇದ್ದಾಗ ಯಾವತ್ತಾದ್ರೂ ಕೈ ಮಾಡಿದಾರಾ?”

“ಒಂದು ದಿನವೂ ಇಲ್ಲ.”

ಮೂಗಿಗೆ ಹತ್ತಿಯಿಟ್ಟುಕೊಂಡು ಕೂತಿದ್ದ ತಮ್ಮ ತಲೆ ತಗ್ಗಿಸಿದ.

ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಗಾಬರಿಯಿಂದ ಬಳಿಗೆ ಬಂದಳು. ಅವಳ ತಲೆಯ ಮೇಲಿನ ಗೂಡಿನಿಂದ ಹತ್ತಿ ತೆಗೆಯಲು ಅವನು ಕೈಯೆತ್ತಿದ. ಅವಳು ಥಟ್ಟನೆ ಎರಡೂ ಮೊಣಕೈಗಳಲ್ಲಿ ಮುಖ ಮುಚ್ಚಿಕೊಂಡಳು.

ಅವನ ಕೈ ಹಾಗೇ ನಿಂತಿತು. ಮೆಲ್ಲಗೆ ಇಳಿಸಿದ. ಭಾವನ ಕಥೆಯನ್ನೆಲ್ಲ ಹೇಳಿದ. ಹೇಳಿ ಮುಗಿದರೂ ಅವಳ ಮುಖ ನೋಡಲಾಗಲಿಲ್ಲ.

“ನಾನು ಎಚ್ಚರವಾಗೇ ಇದ್ದೆ ಕಣೇ. ಪ್ರತಿ ಸಲವೂ.”

ಅವನು ಸೂಜಿ ದಾರ ಹುಡುಕಿ, ಬೆಳಗಿನ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತ. ದಾರ ಸೂಜಿಯ ಕಣ್ಣಿಗೆ ಹೋಗದೆ ಮತ್ತೆ ಮತ್ತೆ ಜಾರಿತು. ಅವಳು ಸಹಾಯಕ್ಕೆ ಬರಲಿಲ್ಲ. ಬಾಗಿಲ ಬಳಿಯೇ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು.