ಎರಡನೇ ತೊಟ್ಟಿ

ಹೊಸಬಳು ಟ್ರೇಯನ್ನು ಮೊದಲನೇ ತೊಟ್ಟಿಯಿಂದ ಎತ್ತಿ, ಒಮ್ಮೆ ಕೊಡವಿ, ಸೀದಾ ಮೂರನೆಯದಕ್ಕೆ ಹಾಕಿದಳು. ಸಸಿಯಕ್ಕ ಅದನ್ನು ಹೊರತೆಗೆದು ಎರಡನೇ ತೊಟ್ಟಿಯಲ್ಲಿ ಮುಳುಗಿಸಿದಳು. ತೇಲದಿರಲೆಂದು ಮೇಲೊಂದು ಇಟ್ಟಿಗೆ ಇಟ್ಟಳು.

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನರ್ಸರಿಯ ಹಿಂದಿನ ಶೆಡ್ಡಿನಲ್ಲಿ ಕಳೆದ ವರ್ಷದ ಬೀಜದ ಟ್ರೇಗಳನ್ನು ಎದೆಮಟ್ಟ ಪೇರಿಸಿಟ್ಟಿದ್ದರು. ಪಕ್ಕದಲ್ಲಿ ಒಂದರೊಳಗೊಂದು ಕೂತ ಕುಂಡಗಳು. ಅಂಚಿಗೆಲ್ಲ ಬಿಳಿ ಉಪ್ಪು ಕಟ್ಟಿತ್ತು, ತಳಕ್ಕೆ ಒಣಗಿದ ಬೇರು ಜಡೆಯಂತೆ ಅಂಟಿಕೊಂಡಿತ್ತು. ಬಿತ್ತನೆಗೆ ಇನ್ನು ಹತ್ತೇ ದಿನ. ಅಷ್ಟರೊಳಗೆ ಎಲ್ಲವನ್ನೂ ತಿಕ್ಕಿ ತೊಳೆದು, ಒಡೆದದ್ದನ್ನು ಬೇರೆ ಮಾಡಿ, ಅಳತೆ ನೋಡಿ ಜೋಡಿಸಿಡಬೇಕು. ಮೊದಲನೇ ತೊಟ್ಟಿಯಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು, ಮೂರನೆಯದರಲ್ಲಿ ಬರಿ ನೀರು. ಇಪ್ಪತ್ತು ವರ್ಷದಿಂದ ಇದು ಸಸಿಯಕ್ಕನದೇ ಕೆಲಸ. ಅವಳು ಹಾಕಿದ ಬೀಜ ಹುಸಿ ಹೋಗುವುದಿಲ್ಲ, ಕೈಗುಣ ಅಂಥದ್ದು ಎಂದು ಮಾಲೀಕರೇ ಹೇಳುತ್ತಿದ್ದರು. ಸಸಿಯಕ್ಕ ಎಂಬ ಹೆಸರೂ ಹಾಗೆ ಅಂಟಿಕೊಂಡಿದ್ದು.

ಹೊಸಬಳು ನಲವತ್ತು ದಾಟಿದವಳು. ಬಟ್ಟೆ ಕಾರ್ಖಾನೆಯಲ್ಲಿ ಹದಿನೈದು ವರ್ಷ ಶರಟುಗಳಿಗೆ ಕಾಜಾ ಹೊಲಿದು, ಕಣ್ಣು ಮಂಜಾದ ಮೇಲೆ ಇಲ್ಲಿಗೆ ಬಂದು ಸೇರಿದ್ದಳು. ಮಾತು ಜಾಸ್ತಿ, ಕೈಯೂ ಚುರುಕು. ಮಣ್ಣು ತುಂಬುವ ಟ್ರೇಗೆ ಇಷ್ಟೊಂದು ಸ್ನಾನ ಯಾಕೆ, ಇದನ್ನೇನು ಮದುವೆಗೆ ಕಳಿಸುತ್ತೀವಾ ಎಂದು ಕೇಳಿದಳು.

ಸಸಿಯಕ್ಕ ನಗುತ್ತಲೇ ವಿವರಿಸತೊಡಗಿದಳು. ಟ್ರೇ ಕಣ್ಣಿಗೆ ಚೊಕ್ಕಟವಾಗಿ ಕಂಡರೂ ಹಳೇ ಮಣ್ಣಿನ ರೋಗ ಯಾವುದೋ ಮೂಲೆಯಲ್ಲಿ ಕೂತಿರುತ್ತದೆ. ಹೊಸ ಮಣ್ಣಿನ ತೇವ ಸಿಕ್ಕಿದ ಕೂಡಲೇ ಅದಕ್ಕೆ ಜೀವ ಬರುತ್ತದೆ. ಎರಡೆಲೆ ಬಿಟ್ಟ ಸಸಿಯ ಬುಡ ದಾರದಷ್ಟು ಸಣ್ಣಗಾಗಿ, ಬೆಳಗಾಗುವುದರೊಳಗೆ ಟ್ರೇಯ ಸಸಿಗಳೆಲ್ಲ ಮಲಗಿಬಿಡುತ್ತವೆ. ಹೋದ ವರ್ಷ ಹಾಗೇ ಆಗಿ, ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಹೋದ ವರ್ಷದ್ದು ಗೊತ್ತು ಬಿಡಿ ಅಕ್ಕ," ಎಂದಳು ಹೊಸಬಳು, ಬ್ರಷ್ಷು ಆಡಿಸುತ್ತಲೇ. "ನೀರು ಹಾಕೋನು ಯಾರೋ ಇದ್ದನಂತಲ್ಲ, ಮೈಮೇಲೆ ಎಚ್ಚರ ಇಲ್ಲದೆ ಸುರಿದೂ ಸುರಿದೂ ಟೊಮೇಟೊ ಸಸಿನೆಲ್ಲ ಕೊಳೆಸಿದನಂತೆ."

ಆ ನೀರು ಹಾಕುವವನು ನೀರಣ್ಣ. ಹೊಸಬಳು ಅವನ ಮುಖವನ್ನೇ ಕಂಡವಳಲ್ಲ. ಸೇರಿ ಇನ್ನೂ ಮೂರೇ ವಾರವಾಗಿತ್ತು. ಇಷ್ಟರಲ್ಲೇ ಈ ಮಾತು ಅವಳ ಕಿವಿಗೂ ಬಿದ್ದು, ಅವಳ ಬಾಯಿಂದಲೂ ಹೊರಟಿತ್ತು. ಸಸಿಯಕ್ಕನ ಬ್ರಷ್ಷು ಹಿಡಿದ ಕೈ ಮುಂದಕ್ಕೆ ಹೋಗಲಿಲ್ಲ.

ಹೋದ ವರ್ಷ ಇದೇ ದಿನಗಳಲ್ಲಿ ಅವಳ ಬೆರಳ ಸಂದುಗಳು ಚಳಿಗೆ ಒಡೆದಿದ್ದವು. ಕೈಗವಸು ಹರಿದಿತ್ತು, ಕೇಳಿದ್ದರೆ ಹೊಸದು ಸಿಗುತ್ತಿತ್ತು, ಕೇಳಿರಲಿಲ್ಲ. ಬ್ಲೀಚಿನ ನೀರಿಗೆ ಕೈ ಹಾಕಿದರೆ ಜೀವ ಹೋದ ಹಾಗೆ ಉರಿ. ಟೊಮೇಟೊ ಟ್ರೇಗಳನ್ನು ತೊಳೆದ ಆ ಮೂರು ದಿನ ಅವಳು ಎರಡನೇ ತೊಟ್ಟಿಯನ್ನು ತುಂಬಲೇ ಇಲ್ಲ. ಸಸಿಗಳು ಮಲಗಿದ ಬೆಳಿಗ್ಗೆ ಮಾಲೀಕರು ಒಂದು ಟ್ರೇಯ ಮಣ್ಣನ್ನು ಹಿಂಡಿ ನೋಡಿ, ಪೈಪು ಹಿಡಿದು ನಿಂತಿದ್ದ ನೀರಣ್ಣನ ಕಡೆ ತಿರುಗಿ, ನೀರು ಜಾಸ್ತಿಯಾಗಿ ಕೊಳೆತಿವೆ ಎಂದಿದ್ದರು. ಎಲ್ಲರೂ ಅತ್ತಲೇ ತಿರುಗಿದರು. ಆ ವರ್ಷ ಹಳೇ ಟ್ರೇ ಸಾಲದೆ ತರಿಸಿದ್ದ ಹನ್ನೆರಡು ಹೊಸ ಟ್ರೇಗಳು ಮೂಲೆಯಲ್ಲಿದ್ದವು. ಅದೇ ಮಣ್ಣು, ಅದೇ ಬೀಜ, ಅದೇ ನೀರು. ಅವುಗಳ ಸಸಿಗಳು ಮಾತ್ರ ನೆಟ್ಟಗೆ ನಿಂತಿದ್ದವು. ಅದನ್ನು ಕಂಡವಳು, ಕಂಡು ಅರ್ಥ ಮಾಡಿಕೊಂಡವಳು, ಅವಳೊಬ್ಬಳೇ. ಬಾಯಿ ಬಿಡುವುದಕ್ಕೆ ಆಗ ಒಂದು ಗಳಿಗೆ ಸಾಕಿತ್ತು. ಆ ಗಳಿಗೆ ಕಳೆದ ಮೇಲೆ ದಿನ ಕಳೆಯಿತು, ವಾರ ಕಳೆಯಿತು. ಒಂದು ಸೋಮವಾರದಿಂದ ನೀರಣ್ಣ ಬರುವುದನ್ನೇ ಬಿಟ್ಟ.

ಅವಳು ಕೈ ಒರೆಸಿಕೊಂಡು ಎದ್ದು ಮಾಲೀಕರ ಕೋಣೆಗೆ ಹೋದಳು. ಅವರು ಬೀಜದ ಪೊಟ್ಟಣಗಳ ಮೇಲಿನ ತಾರೀಕು ನೋಡುತ್ತ ಕೂತಿದ್ದರು. ಅವಳು ಬಾಗಿಲಲ್ಲೇ ನಿಂತು, ಒಡೆದ ಕೈಯಿಂದ ಹಿಡಿದು ಹನ್ನೆರಡು ಟ್ರೇಯವರೆಗೆ ಒಂದೇ ಉಸಿರಿಗೆ ಹೇಳಿದಳು. ಅವರು ಕನ್ನಡಕ ತೆಗೆದರು. ಮುಗಿದುಹೋದ ಕಥೆ, ಬಿತ್ತನೆ ಹತ್ತಿರ ಬಂದಿದೆ, ಈಗ ಅದನ್ನು ಕೆದಕಿ ಯಾರಿಗೆ ಏನಾಗಬೇಕು ಎಂದರು.

"ನೀನು ಹೇಳದೇ ಇದ್ದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ," ಎಂದೂ ಸೇರಿಸಿದರು.

"ಅದಕ್ಕೇ ಹೇಳಿದೆ."

ಅವರು ಕೈಯಲ್ಲಿದ್ದ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿದರು. "ಎಲ್ಲರ ಮುಂದೆ ಅವನಿಗೆ ಅಂದಿದ್ದು ನಾನು," ಎಂದರು. ಅವಳು ಅರ್ಧ ದಿನ ರಜೆ ಬೇಕು ಎಂದಾಗ ತಲೆಯಾಡಿಸಿದರು.

ನೀರಣ್ಣನ ಮನೆ ಬಸ್ಸಿನ ಕೊನೇ ಸ್ಟಾಪಿನ ಹಿಂದಿನ ಓಣಿಯಲ್ಲಿತ್ತು. ಎರಡು ಕೋಣೆ, ಮುಂದೆ ಚಾಪೆ ಹಾಸುವಷ್ಟು ಅಂಗಳ. ಗೋಡೆಯುದ್ದಕ್ಕೂ ಇಟ್ಟಿದ್ದ ಕುಂಡಗಳಲ್ಲಿ ಹೆಚ್ಚಿನವು ಬರಿ ಕಡ್ಡಿ. ದಾಸವಾಳವೊಂದು ನಾಲ್ಕು ಎಲೆ ಉಳಿಸಿಕೊಂಡಿತ್ತು. ಸಸಿಯಕ್ಕನ ಕಣ್ಣು ಅಲ್ಲಿಗೆ ಹೋದದ್ದನ್ನು ನೋಡಿ ನೀರಣ್ಣನ ಹೆಂಡತಿ, ಅವರು ಯಾರಿಗೂ ನೀರು ಹಾಕಲು ಬಿಡುವುದಿಲ್ಲ, ತಾವೇ ಮೂರು ದಿನಕ್ಕೊಮ್ಮೆ ಲೋಟದಲ್ಲಿ ಅಳೆದು ಹಾಕುತ್ತಾರೆ, ಅದೂ ಅರ್ಧ ಲೋಟ ಎಂದು ದೂರಿದಳು.

ಬೆಳಗಿನ ಪಾಳಿ ಮುಗಿಸಿ ಬಂದ ನೀರಣ್ಣ ಕುರ್ಚಿಯಲ್ಲಿ ಕೂತಿದ್ದ. ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ. ಹೇಗಿದೆ ಎಂದು ಸಸಿಯಕ್ಕ ಕೇಳಿದ್ದಕ್ಕೆ ನಕ್ಕ.

"ಎಷ್ಟು ನೀರು ಹೊಡೆದರೂ ಯಾರೂ ಕೇಳಲ್ಲ ತಂಗಿ. ಬಸ್ಸು ಕೊಳೆಯಲ್ಲವಲ್ಲ."

ಅವಳು ಕೂತುಕೊಳ್ಳದೆ ಹೇಳಿದಳು. ಮಾಲೀಕರಿಗೆ ಹೇಳಿದಷ್ಟು ಸಲೀಸಾಗಿ ಇಲ್ಲಿ ಮಾತು ಬರಲಿಲ್ಲ. ತೊಟ್ಟಿಯ ವಿಷಯ, ಹೊಸ ಟ್ರೇಗಳ ವಿಷಯ ಹೇಳಿ ಮುಗಿಸಿದಾಗ ನೀರಣ್ಣ ನೆಲ ನೋಡುತ್ತಿದ್ದ. ಅವನ ಹೆಂಡತಿ ಚಹಾದ ಲೋಟ ಹಿಡಿದು ಒಳಬಾಗಿಲಲ್ಲೇ ನಿಂತುಬಿಟ್ಟಿದ್ದಳು.

"ಆ ಹೊಸ ಟ್ರೇಗಳಿಗೂ ನಾನೇ ನೀರು ಹಾಕಿದ್ದು," ಎಂದ ಅವನು.

"ಹೌದಣ್ಣ."

"ಅದೇ ಪೈಪಲ್ಲಿ."

"ಅದೇ ಪೈಪಲ್ಲಿ."

"ಅವು ಸಾಯಲಿಲ್ಲ."

"ಒಂದೂ ಸಾಯಲಿಲ್ಲ."

ಓಣಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಅವನು ತನ್ನ ಬಲಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡ.

"ಮೊದಲೆರಡು ದಿನ ನಾನಲ್ಲ ಅಂತ ನನಗೆ ಗೊತ್ತಿತ್ತು. ಆಮೇಲೆ ಎಲ್ಲರೂ ಅಂದರಲ್ಲ, ನಾನೇ ಇರಬೇಕು ಅಂದುಕೊಂಡೆ. ಮೂವತ್ತು ವರ್ಷ ನೀರು ಹಾಕಿದ ಕೈ ಇದು. ಒಂದು ವರ್ಷದಿಂದ ಇದನ್ನ ನಾನೇ ನಂಬಿಲ್ಲ."

"ತಪ್ಪಾಯ್ತಣ್ಣ," ಎಂದಳು ಸಸಿಯಕ್ಕ. ಕ್ಷಮಿಸಿ ಎನ್ನಬೇಕೆಂದುಕೊಂಡು ಬಂದಿದ್ದರೂ, ಅದನ್ನು ಕೇಳುವುದೆಂದರೆ ಅವನಿಂದ ಇನ್ನೂ ಏನನ್ನೋ ಕಿತ್ತುಕೊಂಡಂತೆ ಅನ್ನಿಸಿತು. ಮಾಲೀಕರು ಕರೆಯಬಹುದು ಎಂದಷ್ಟೇ ಹೇಳಿದಳು. ಕರೆದಾಗ ನೋಡೋಣ ಎಂದ ಅವನು. ಅವನ ಮುಖದಲ್ಲಿ ಸಿಟ್ಟಿದೆಯೋ ಇಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ.

ಹೆಂಡತಿ ಮುಂದೆ ಬಂದು ಲೋಟವನ್ನು ಅವಳ ಕೈಗಿಟ್ಟಳು. "ಕುಡಿದೇ ಹೋಗು," ಎಂದಳು. ಮುನಿಸೂ ಇಲ್ಲ, ಅಕ್ಕರೆಯೂ ಇಲ್ಲ. ಚಹಾ ಆರಿಹೋಗಿತ್ತು. ಸಸಿಯಕ್ಕ ನಿಂತೇ ಕುಡಿದಳು.

ಅವಳು ಲೋಟ ಕೆಳಗಿಡುವಷ್ಟರಲ್ಲಿ ನೀರಣ್ಣ ಎದ್ದು ಹೊರಗೆ ಹೋಗಿದ್ದ. ಬಚ್ಚಲಿನ ಬಕೆಟ್ಟನ್ನು ತಂದು ಎರಡೂ ಕೈಯಲ್ಲಿ ಎತ್ತಿ, ದಾಸವಾಳದ ಬುಡಕ್ಕೆ ನಿಧಾನವಾಗಿ ಬಗ್ಗಿಸಿದ. ಮಣ್ಣು ಎಷ್ಟು ಗಟ್ಟಿಯಾಗಿತ್ತೆಂದರೆ ನೀರು ಮೊದಲು ಮೇಲೆಯೇ ನಿಂತಿತು. ಆಮೇಲೆ ಒಂದೊಂದೇ ಗುಳ್ಳೆ ಎದ್ದು ಒಳಗೆ ಇಳಿಯತೊಡಗಿತು. ಅವನು ನಿಲ್ಲಿಸಲಿಲ್ಲ. ಮುಂದಿನ ಕುಂಡಕ್ಕೆ ಹೋದ, ಅದರ ಮುಂದಿನ ಬರಿ ಕಡ್ಡಿಗೂ ಹಾಕಿದ. ನೀರು ಕುಂಡಗಳ ತಳದಿಂದ ಕೆಂಪಗೆ ಹೊರಬಂದು, ಅಂಗಳದ ಇಳಿಜಾರು ಹಿಡಿದು ಬಾಗಿಲ ಕಡೆಗೆ ಹರಿದು ಬಂತು. ಅವನ ಹೆಂಡತಿ ಬಗ್ಗಿ, ಅದರ ದಾರಿಯಲ್ಲಿದ್ದ ಮೂರು ಜೊತೆ ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿ ಮೆಟ್ಟಿಲ ಮೇಲಿಟ್ಟಳು.