ಏಳನೇ ಮೆಟ್ಟಿಲು

ನರ್ಸಿನ ಚಪ್ಪಲಿ ಸದ್ದು ಬಾಗಿಲ ಬಳಿ ಬಂದು ನಿಂತಿತು, ಒಳಗೆ ಬರಲಿಲ್ಲ, ಆಗಲೇ ಮುದುಕಿಗೆ ತಿಳಿಯಿತು ಮಗಳು ಹೋದಳೆಂದು — ಹೋದಳು, ಮೂವತ್ನಾಲ್ಕಕ್ಕೇ, ಹೆತ್ತವಳು ಆಸ್ಪತ್ರೆಯ ಬೆಂಚಿನ ಮೇಲೆ ಕಲ್ಲುಗುಂಡಿನಂತೆ ಕೂತಿರುವಾಗ; ಈ ಡಾಕ್ಟರನಿಗೋ ಈಗ ನಾಲಗೆ ಬಂದಿದೆ, ಕಾಗದದ ಮೇಲೆ ಕಾಳಿನಂಥದ್ದೊಂದು ಗೀಚಿ ತೋರಿಸುತ್ತಾನೆ, ನೋಡಿ ಅಮ್ಮ, ಮೈಯ ಒಂದೊಂದು ಕಣದಲ್ಲೂ ಸಣ್ಣ ಸಣ್ಣ ಒಲೆಗಳಿರ್ತವೆ, ಮೈಟೊಕಾಂಡ್ರಿಯ ಅಂತ, ತಿಂದದ್ದನ್ನ ಉರಿಸಿ ಶಕ್ತಿ ಮಾಡೋದು ಅವೇ, ನಿಮ್ಮ ಮಗಳಲ್ಲಿ ಅವು ಮಂದ, ಅದಕ್ಕೇ ಸಕ್ಕರೆ ಕಾಯಿಲೆ ಬಂತು, ಹೃದಯ ಸೋತಿತು, ಇದು ತಾಯಿಯಿಂದ ಬರುತ್ತೆ, ನಿಮ್ಮ ಎಡಗಿವಿ ಕೇಳಿಸದಿರೋದೂ ಅದರಿಂದಲೇ ಇರಬಹುದು — ಬಂತಂತೆ, ತಾಯಿಯಿಂದ! ಆರು ವರ್ಷ ಬರೀ ಸಕ್ಕರೆ ಅಂದೆಯಲ್ಲಯ್ಯ, ನಡೀಲಿ, ಮೆಟ್ಟಿಲು ಹತ್ತಲಿ, ಕೂತರೆ ಕೆಡ್ತಾಳೆ ಅಂದೆಯಲ್ಲ, ಆಗ ಎಲ್ಲಿತ್ತು ನಿನ್ನ ಒಲೆ? ಅಳಿಯನೂ ನಗುತ್ತಿದ್ದ, ಅತ್ತೆ, ನಿಮ್ಮ ಮಗಳು ಒಂದು ಮೆಟ್ಟಿಲು ಹತ್ತೋಕೂ ಮುಹೂರ್ತ ಕೇಳ್ತಾಳೆ, ಈಗ ಗೋಡೆಗೆ ಹಣೆ ಒತ್ತಿ ನಿಂತಿದ್ದಾನೆ, ಒತ್ತಲಿ — ಆದರೆ ಇಸ್ತ್ರಿ ಬಟ್ಟೆಯ ಗಂಟು ಅವಳ ತಲೆಗೆ ಹೊರಿಸಿದ್ದು ಯಾರು, ಮೂರನೇ ಮಹಡಿಯವರಿಗೆ ನೀನೇ ಕೊಟ್ಟು ಬಾ, ಮೈ ಬಗ್ಗಲಿ ಸೋಮಾರಿ ಎಂದದ್ದು ಯಾರು, ತಾನೇ, ಹೆತ್ತವಳೇ, ದಿನಕ್ಕೆ ನಾಲ್ಕು ಸಲ. ಅಮ್ಮಾ, ಒಂಚೂರು ಕೂತ್ಕೊಳ್ತೀನಿ, ಏಳನೇ ಮೆಟ್ಟಿಲ ಮೇಲೆ, ಗಂಟು ಮಡಿಲಲ್ಲಿ, ಕೈ ಕಂಬಿಯ ಮೇಲೆ, ತುಟಿ ಬೂದಿ ಬಣ್ಣ, ಕೂತ್ಕೋ ಕೂತ್ಕೋ, ಮೆಟ್ಟಿಲಿಗೇ ಮೊಳೆ ಹೊಡ್ಕೊಂಡು ಕೂತ್ಕೋ — ಥೂ, ಈ ನಾಲಗೆ ಸೇದಿಹೋಗಬಾರದಿತ್ತೇ! ನಲವತ್ತು ವರ್ಷ ಇಸ್ತ್ರಿ ಪೆಟ್ಟಿಗೆಗೆ ಇದ್ದಲು ತುಂಬಿದ ಕೈ, ಕೆಂಡಕ್ಕೆ ಬೂದಿ ಮುಚ್ಚಿದ್ದರೆ ಎಷ್ಟು ಒತ್ತಿದರೂ ಸುಕ್ಕು ಹೋಗದು, ಮೊದಲು ಮುಚ್ಚಳ ತೆಗೆದು ನೋಡಿ ಎಂದು ಕೆಲಸಕ್ಕೆ ಬಂದವರಿಗೆಲ್ಲ ಹೇಳಿಕೊಟ್ಟವಳು, ಮಗಳನ್ನು ಮಾತ್ರ ಒತ್ತಿದಳು, ಒತ್ತಿಯೇ ಒತ್ತಿದಳು. ಮತ್ತೆ ನೀನು, ದೇವರೇ, ಎರಡು ಹೊತ್ತೂ ದೀಪ ಹಚ್ಚಿಸಿಕೊಂಡೆಯಲ್ಲ, ನನ್ನ ಮಗುವಿನೊಳಗಿನ ದೀಪಕ್ಕೆ ಒಂದು ತೊಟ್ಟು ಎಣ್ಣೆ ಹಾಕಲು ನಿನಗೆ ಕೈ ಬರಲಿಲ್ಲವೇ, ನನ್ನದೊಂದು ಕಿವಿ ತೆಗೆದುಕೊಂಡೆ, ಇನ್ನೊಂದನ್ನೂ ತೆಗೆದುಕೊಂಡು ಅವಳನ್ನು ಬಿಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು — ಬೈಗುಳ ಬಾಯಲ್ಲಿರುವಾಗಲೇ ಕೈ ತಾನಾಗಿ ಮುಗಿಯುತ್ತದೆ, ಅರವತ್ತೆಂಟು ವರ್ಷದ ಅಭ್ಯಾಸ, ಬೇರೆ ಯಾರ ಹತ್ತಿರ ಕೇಳುವುದು, ಅವಳಿಗೆ ಶಾಂತಿ ಕೊಡು, ದಣಿವಿಲ್ಲದ ಕಡೆ ಇಡು, ನಿನ್ನ ಮನೆಗೂ ಮೆಟ್ಟಿಲಿದ್ದರೆ ಹತ್ತು ಅನ್ನಬೇಡ, ಸೋಮಾರಿ ಅನ್ನಬೇಡ, ನೀನೇ ಇಳಿದು ಬಾ, ಅವಳು ಅಲ್ಲೇ ಇದ್ದಾಳೆ, ಏಳನೇ ಮೆಟ್ಟಿಲ ಮೇಲೆ, ಗಂಟು ಮಡಿಲಲ್ಲಿ, ಕೈ ಕಂಬಿಯ ಮೇಲೆ —