ಚಿಲಕ ತೆಗೆದವರು

ಟಕ್.

ಕಬ್ಬಿಣಕ್ಕೆ ಕಬ್ಬಿಣ ತಾಗಿದಷ್ಟೇ ಸದ್ದು. ನಡುರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಿದ್ದ ಡಾಕ್ಟರಮ್ಮ ಎದ್ದು ಕೂತಳು. ಅದು ಕರುಗಳ ಕೊಟ್ಟಿಗೆಯ ಚಿಲಕ.

ಅಣ್ಣನ ಹೈನುಶಾಲೆಯಲ್ಲಿ ಅವಳೇ ಪಶುವೈದ್ಯೆ. ಹುಟ್ಟಿದ ಮರುದಿನವೇ ಕರುವನ್ನು ತಾಯಿಯಿಂದ ಬಿಡಿಸಿ ಕೂಡಿಹಾಕುವುದು ಅಲ್ಲಿನ ರೂಢಿ. ಎರಡು ರಾತ್ರಿಯಿಂದ ಯಾರೋ ಆ ಬಾಗಿಲು ತೆಗೆಯುತ್ತಿದ್ದರು. ಬೆಳಗಾದರೆ ಕರುಗಳ ಹೊಟ್ಟೆ ತುಂಬಿರುತ್ತಿತ್ತು, ಯಂತ್ರಕ್ಕೆ ಹಾಲಿರುತ್ತಿರಲಿಲ್ಲ. ಅಣ್ಣ ಮುದಿ ಕಾವಲುಗಾರನ ಮೇಲೆ ಗೂಬೆ ಕೂರಿಸಿದ್ದ. ಇನ್ನೊಂದು ಸಲ ಹೀಗಾದರೆ ಗಂಟುಮೂಟೆ ಕಟ್ಟಿಸುತ್ತೇನೆ ಎಂದಿದ್ದ.

ರಾತ್ರಿಯಿಡೀ ಹಸುಗಳು ಕೂಗುವುದೂ ಒಂದು ದೂರೇ ಅಲ್ಲವೇ ಎಂದು ಅವಳು ಊಟದ ಹೊತ್ತಿನಲ್ಲಿ ಕೇಳಿದ್ದಳು. ಅಕ್ಕನ ಗಂಡ, ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವ ಭಾವ, ಹಲ್ಲು ಕೆದಕುತ್ತಲೇ ಪಾಠ ಶುರುಮಾಡಿದ್ದರು. ಪ್ರಾಣಿಗಿರುವುದು ಬರೀ ದನಿ, ನೋವು ತಿಳಿಸಲು ಅಷ್ಟು ಸಾಕು. ಇದು ನ್ಯಾಯ, ಇದು ಅನ್ಯಾಯ ಎನ್ನಲು ಮಾತು ಬೇಕು. ಮಾತಿಲ್ಲದ ಕಡೆ ರಾಜಕೀಯವೂ ಇಲ್ಲ.

"ಹಸು ಎಲೆಕ್ಷನ್‌ಗೆ ನಿಂತ್ರೆ ನಿನ್ನ ಓಟಂತೂ ಗ್ಯಾರಂಟಿ ಬಿಡಮ್ಮ."

ಅಣ್ಣ ಬಿದ್ದು ಬಿದ್ದು ನಕ್ಕಿದ್ದ. ಅವಳ ಮೈಯೆಲ್ಲ ಉರಿದಿತ್ತು. ಆದರೂ, ಮಾತು ಬಲ್ಲ ಅವಳು, ಬಾಯಿಗೆ ಬೀಗ ಹಾಕಿಕೊಂಡು ತಟ್ಟೆ ತೊಳೆದಿದ್ದಳು.

ಈಗ ಬರಿಗಾಲಲ್ಲೇ ಹೊರಬಂದಳು. ಮತ್ತೆ ಟಕ್. ಅಂಗಳದ ದೀಪದಡಿ ಹರಿದ ಕಿವಿಯ ಹಸು ನಿಂತಿತ್ತು. ಅದು ನಾಲಿಗೆಯಿಂದ ಚಿಲಕ ಎತ್ತುತ್ತಿತ್ತು, ಚಿಲಕ ಜಾರುತ್ತಿತ್ತು. ಮೂರನೆಯ ಸಲ ಎತ್ತಿ, ಹಣೆಯಿಂದ ಬಾಗಿಲು ದೂಡಿ, ಹಸು ಪಕ್ಕಕ್ಕೆ ಸರಿಯಿತು. ಅಂಗಳದಲ್ಲಿದ್ದ ಉಳಿದ ಹಸುಗಳು ಒಂದೊಂದಾಗಿ ಒಳಹೋದವು. ಅದು ಹೋಗಲಿಲ್ಲ. ಅದರ ಕರುವನ್ನು ಹೋದ ವಾರವೇ ಮಾರಿಯಾಗಿತ್ತು. ಅವಳನ್ನು ಕಂಡದ್ದೇ ಬಾಗಿಲಿಗೆ ಅಡ್ಡಲಾಗಿ ನಿಂತಿತು.

ಭಾವನನ್ನು ರಟ್ಟೆ ಹಿಡಿದು ಎಳೆತಂದು ತೋರಿಸಬೇಕು ಅನ್ನಿಸಿತು. ಆದರೆ ತೋರಿಸಿದರೆ ಮುಂದಿನದು ಅವಳಿಗೆ ಗೊತ್ತು: ಹಸುವಿನ ಬೆನ್ನಿಗೆ ಕೆಂಪು ಗೆರೆ, ಆಮೇಲೆ ಲಾರಿ. ಆ ಲಾರಿ ಹತ್ತಿದ್ದು ಒಂದೂ ಬದುಕಿ ಬಂದಿಲ್ಲ. ಗೆರೆ ಎಳೆಯುವ ಕೈ ಅವಳದೇ. ನಾಲ್ಕು ವರ್ಷದಿಂದ, ತುಟಿ ಪಿಟಕ್ಕೆನ್ನದೆ.

ಬೆಳಗ್ಗೆ ಅಣ್ಣ ಕಾವಲುಗಾರನ ಕೊರಳಪಟ್ಟಿ ಹಿಡಿದಿದ್ದ. ಅವಳು ನಡುವೆ ನುಗ್ಗಿದಳು.

"ಅಜ್ಜನ್ನ ಬಿಡು. ಮೂರು ರಾತ್ರೀನೂ ಬಾಗಿಲು ತೆಗ್ದಿದ್ದು ನಾನು. ಗಂಟುಮೂಟೆ ಕಟ್ಟಿಸೋದಾದ್ರೆ ನಂದು ಕಟ್ಟಿಸು."

"ತಲೆ ಕೆಟ್ಟಿದ್ಯಾ ನಿಂಗೆ? ಯಾಕೆ ತೆಗ್ದೆ?"

"ಅವಕ್ಕೆ ಮಾತು ಬರಲ್ವಲ್ಲ. ಭಾವ ಹೇಳಿದ್ರಲ್ಲ."

ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ಅಣ್ಣ ಕೈಬಿಟ್ಟು, ಓದಿಸಿದ್ದೇ ತಪ್ಪಾಯಿತು ಎಂದು ಗೊಣಗುತ್ತಾ ಹೋದ.

ಹರಿದ ಕಿವಿಯ ಹಸು ಯಂತ್ರದ ಸಾಲಿನಲ್ಲಿ ಎಲ್ಲವುಗಳಂತೆ ತಲೆ ತಗ್ಗಿಸಿ ನಿಂತಿತ್ತು. ಕಂಡದ್ದನ್ನು ಯಾರಿಗೂ ಹೇಳಕೂಡದು, ಅಕ್ಕನಿಗೂ, ಈ ಅಜ್ಜನಿಗೂ, ಎಂದು ಅವಳು ಹಲ್ಲು ಕಚ್ಚಿ ನಿರ್ಧರಿಸಿದಳು.